ಮೂರನೇ ಹಾಡಿನ ಅಪ್ಪಣೆ

ನನಗೆ ಇಷ್ಟವಾದ ಹಾಡುಗಳು ಒಟ್ಟು ಐದು. ಅದರಲ್ಲಿ ಮೂರನೆಯದು ನಮ್ಮ ಪಕ್ಕದ ಮನೆಯ ತೋಟಪ್ಪಣ್ಣನವರ ಜೀವ ತೆಗೆಯುವುದರಲ್ಲಿತ್ತು. ಐದನೆಯದು ಅದಕ್ಕೆ ಕೈಜೋಡಿಸಿತು. ಉಳಿದ ಮೂರು ನಿರಪರಾಧಿಗಳು, ಅವುಗಳ ಮೇಲೆ ನನ್ನದೇನೂ ದೂರಿಲ್ಲ.

ಹಾಡು ಅಂದ ಕೂಡಲೇ ಕೊಳಲು, ತಬಲಾ, ಬೆಳದಿಂಗಳು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಇವು ಬ್ಲ್ಯಾಕ್ ಮೆಟಲ್ ಎಂಬ ಜಾತಿಯ ಹಾಡುಗಳು. ಭೂಪಟದಲ್ಲಿ ತೀರಾ ಮೇಲಕ್ಕೆ, ಮನುಷ್ಯರು ಇರಬಾರದಷ್ಟು ಚಳಿಯಿರುವ ಕಡೆ ಹುಟ್ಟಿದವು. ಹಾಡುವವರು ಮುಖಕ್ಕೆ ಬಿಳಿ ಬಳಿದುಕೊಂಡು, ಕಣ್ಣ ಸುತ್ತ ಕಾಡಿಗೆ ಹಚ್ಚಿಕೊಂಡು, ಕೂದಲು ಬಿಚ್ಚಿಕೊಂಡು, ಹಿಮದ ಕಾಡಿನಲ್ಲಿ ನಿಂತು, ಬಾಗಿಲ ಸಂದಿಗೆ ಬೆರಳು ಸಿಕ್ಕವರ ಹಾಗೆ ಕಿರುಚಿ ಸೈತಾನನನ್ನು ಕರೆಯುತ್ತಾರೆ. ಹಿಂದುಗಡೆ ಡ್ರಮ್ಮಿನವನು ತನ್ನನ್ನು ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎನ್ನುವಂತೆ ಬಾರಿಸುತ್ತಾನೆ. ಗಿಟಾರೂ ಇದೆ ಎಂದು ತಿಳಿದವರು ಹೇಳುತ್ತಾರೆ. ನನಗೆ ಅದು ಗ್ರೀಸು ಕಾಣದ ಬೇರಿಂಗಿನ ಹಾಗೆ ಕೇಳಿಸುತ್ತದೆ. ನಾನು ಸೋತದ್ದೇ ಅದಕ್ಕೆ.

ಕುರೆಕುಪ್ಪದ ಆಚೆ ಒಂದು ವೇಬ್ರಿಡ್ಜಿನಲ್ಲಿ ನನ್ನ ಕೆಲಸ. ಅದಿರು ತುಂಬಿದ ಲಾರಿ ತೂಕದ ಕಟ್ಟೆಯ ಮೇಲೆ ಬಂದು ನಿಲ್ಲುತ್ತದೆ, ನಾನು ಚೀಟಿ ಹರಿದು ಕೊಡುತ್ತೇನೆ. ಹತ್ತೊಂಬತ್ತು ವರ್ಷದಿಂದ ಇದೇ. ಒಂದು ಕಡೆ ಕ್ರಷರು, ಇನ್ನೊಂದು ಕಡೆ ಕನ್ವೇಯರ್ ಬೆಲ್ಟು, ನಡುವೆ ಲಾರಿಯವರ ಹಾರ್ನು. ಅಲ್ಲಿ ಮೊಬೈಲಿನಲ್ಲಿ ಒಂದು ಒಳ್ಳೆಯ ಹಾಡು ಹಾಕಿದರೆ ಪಲ್ಲವಿ ಕ್ರಷರಿನ ಪಾಲು, ಚರಣ ಹಾರ್ನಿನ ಪಾಲು. ನಮ್ಮ ಎಲೆಕ್ಟ್ರಿಷಿಯನ್ ಮುರುಗೇಶ್ ಒಂದು ದಿನ, "ಶಂಭಣ್ಣ, ಇದನ್ನ ಕೇಳ್ ನೋಡು, ಈ ಗದ್ದಲಕ್ಕ ಇದಾ ಮದ್ದು" ಎಂದು ಕಿವಿಗೆ ಇಯರ್‌ಫೋನ್ ತುರುಕಿದ. ಕೇಳಿದೆ. ಕ್ರಷರು ಬಂದು ಹಾಡಿನೊಳಗೇ ಕೂತಿತು. ಕನ್ವೇಯರ್ ಬೆಲ್ಟು ಶ್ರುತಿ ಹಿಡಿಯಿತು. ಲಾರಿಯವನೊಬ್ಬ ಹಾರ್ನು ಹೊಡೆದ. ಅದೂ ಸರಿಯಾದ ಜಾಗದಲ್ಲೇ ಬಂತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಕೆಲಸದ ಜಾಗ ತಾಳದಲ್ಲಿತ್ತು.

ಇನ್ನೊಂದು ಕಾರಣವೂ ಉಂಟು. ನಾನು ಹುಟ್ಟಾ ಅಂಜುಬುರುಕ. ಸೂಪರ್‌ವೈಸರಿಗೆ ಹೆದರುತ್ತೇನೆ, ಮೀಟರು ಓದಲು ಬರುವವನಿಗೆ ಹೆದರುತ್ತೇನೆ, ಮೂಲೆಮನೆಯ ಕಂದು ನಾಯಿಗೆ ಹೆದರುತ್ತೇನೆ, ಹೆಂಡತಿ ಬೈದರೆ ಬೈಗುಳಕ್ಕೂ ಸುಮ್ಮನಿದ್ದರೆ ಆ ಸುಮ್ಮನಿರುವುದಕ್ಕೂ ಹೆದರುತ್ತೇನೆ. ಆದರೆ ಈ ನಲವತ್ತಾರು ವರ್ಷದಲ್ಲಿ ಒಂದು ಸಲವೂ ಬಾಯಿಬಿಟ್ಟು ಕೂಗಿದವನಲ್ಲ. ಈ ಹಾಡುಗಳಲ್ಲಿ ಯಾರೋ ಪುಣ್ಯಾತ್ಮ ನನ್ನ ಪಾಲಿನದನ್ನೂ ಸೇರಿಸಿ ಕೂಗುತ್ತಾನೆ.

ತಂಡಗಳ ಹೆಸರು ಕೇಳಬೇಡಿ. ಬಳ್ಳಾರಿ ಜಾಲಿಯ ಮುಳ್ಳು ಕಡಿದು ರಾಶಿ ಹಾಕಿದಂತೆ ಬರೆದಿರುತ್ತಾರೆ. ಅದರಲ್ಲಿ ಅಕ್ಷರ ಯಾವುದು ಮುಳ್ಳು ಯಾವುದು ದೇವರೇ ಬಲ್ಲ. ಹಾಗಾಗಿ ನಾನೇ ಹೆಸರಿಟ್ಟುಕೊಂಡೆ. ಮೊದಲನೆಯದು 'ಬೇರಿಂಗು'. ಎರಡನೆಯದು 'ಹದಿಮೂರು ನಿಮಿಷ', ಯಾಕೆಂದರೆ ಅದು ಅಷ್ಟೇ ಉದ್ದ. ನಾಲ್ಕನೆಯದರ ಕೊನೆಗೆ ಒಬ್ಬ ಅಳುತ್ತಾನೆ. ಅದನ್ನು ಕೇಳಿದ ದಿನ ನನಗೆ ಊಟ ಚೆನ್ನಾಗಿ ಸೇರುತ್ತದೆ. ಐದನೆಯದು ಬಹಳ ನಿಧಾನದ್ದು, ಮಳೆಗಾಲದಲ್ಲಿ ಸಂಡೂರು ಗುಡ್ಡದ ಮೇಲೆ ಕೂತ ಮೋಡದ ಹಾಗೆ ಏಳುವುದೇ ಇಲ್ಲ. ಅದು ಬಂದರೆ ತಲೆ ತಾನಾಗಿ ಎಡಕ್ಕೂ ಬಲಕ್ಕೂ ತೂಗುತ್ತದೆ. ಮೂರನೆಯದಕ್ಕೆ ಹೆಸರಿಡುವಷ್ಟು ಧೈರ್ಯ ನನಗಾಗಲಿಲ್ಲ. ಅದು ಶುರುವಾದರೆ ತಲೆ ಮೇಲೆ ಕೆಳಗೆ, ಮೇಲೆ ಕೆಳಗೆ. ಕುತ್ತಿಗೆ ನನ್ನ ಮಾತು ಕೇಳುವುದಿಲ್ಲ. ಈ ಎರಡು ಬಗೆಯ ತಲೆಯಾಟವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಒಬ್ಬರ ಪ್ರಾಣ ಅದರ ಮೇಲೆ ನಿಂತಿದೆ.

ಅನಾಹುತಕ್ಕೆಲ್ಲ ಮೂಲ ಒಂದು ಸಣ್ಣ ಸುಳ್ಳು. ನನ್ನ ಹೆಂಡತಿ ರೇಣುಕಾದೇವಿ ಒಂದು ದಿನ, "ಕಿವ್ಯಾಗ ಇಟ್ಕೊಂಡು ಏನ್ ಕೇಳ್ತೀರಿ ದಿನಾ?" ಎಂದಳು. ಹೆದರಿಕೆಯಲ್ಲಿ ಬಾಯಿಗೆ ಬಂದದ್ದು, "ವಚನ." ಅವಳ ಮುಖ ಅರಳಿತು. ಅವತ್ತಿನಿಂದ ಬೆಳಿಗ್ಗೆ ನನ್ನನ್ನು ಹಾಲಿಗೂ ಕಳಿಸಲಿಲ್ಲ, ನೀರಿಗೂ ಕಳಿಸಲಿಲ್ಲ. "ನಮ್ಮನಿಯೋರು ದಿನಾ ಒಂದ್ ತಾಸು ವಚನ ಕೇಳ್ತಾರ" ಎಂದು ಚಿತ್ತವಾಡ್ಗಿಯ ನಮ್ಮ ಓಣಿಗೆಲ್ಲ ಹೇಳಿಬಂದಳು. ಅವಳ ಮಾತು ಉಳಿಸಲು ನಾನೂ ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ಬರಿಮೈಗೊಂದು ಟವೆಲ್ಲು ಹೊದ್ದು ಮಾಳಿಗೆ ಹತ್ತತೊಡಗಿದೆ. ನೀರಿನ ಟ್ಯಾಂಕಿನ ನೆರಳಲ್ಲಿ ಕಾಲು ಮಡಚಿ ಕೂತು, ಕಣ್ಣು ಮುಚ್ಚಿ, ಹಿಮದ ಕಾಡಿಗೆ ಹೋಗಿಬಿಡುತ್ತಿದ್ದೆ.

ಆ ವಾರ ನನ್ನದು ಎರಡನೇ ಪಾಳಿ, ಮಧ್ಯಾಹ್ನ ಎರಡರಿಂದ. ಸೋಮವಾರ ಬೆಳಿಗ್ಗೆ ಮೂರನೇ ಹಾಡು ನಡೆಯುತ್ತಿದ್ದಾಗ ಪಕ್ಕದ ಮಾಳಿಗೆಗೆ ತೋಟಪ್ಪಣ್ಣನ ಹೆಂಡತಿ ಎರ್ರಮ್ಮಕ್ಕ ಮೆಣಸಿನಕಾಯಿ ಒಣಹಾಕಲು ಬಂದರಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಕೆ ಕಂಡದ್ದು: ಹಣೆಯಲ್ಲಿ ವಿಭೂತಿ, ಮುಚ್ಚಿದ ಕಣ್ಣು, ಕಚ್ಚಿದ ಹಲ್ಲು, ಮೇಲೆ ಕೆಳಗೆ ಎಗರುವ ತಲೆ. ಈ ಸೀಮೆಯಲ್ಲಿ ಅದಕ್ಕೆ ಒಂದೇ ಅರ್ಥ. ಮೈಮೇಲೆ ದೇವರು ಬಂದಿದೆ. ಮೊರ ಕೆಳಗಿಟ್ಟು ಆಕೆ ಕೈಮುಗಿದು ಕೇಳಿದರು, "ಯಾರಪ್ಪಾ ಬಂದೀರಿ? ದುರುಗಮ್ಮ ಏನು? ಎಲ್ಲಮ್ಮ ಏನು?"

ಆ ಹಾಡಿನ ನಡುವೆ ಒಂದು ಮೌನ ಬರುತ್ತದೆ. ನನ್ನ ತಲೆ ನಿಂತಿತ್ತು.

"ವೀರಭದ್ರಸ್ವಾಮಿ ಏನ್ರಪ್ಪಾ?"

ಡ್ರಮ್ಮು ಮತ್ತೆ ಶುರುವಾಯಿತು.

ಮಂಗಳವಾರ ಮೆಟ್ಟಿಲ ಮೇಲೆ ಎರಡು ನಿಂಬೆಹಣ್ಣು ಕಂಡವು. ಯಾರದೋ ಚೀಲದಿಂದ ಉರುಳಿವೆ ಎಂದು ಶರಬತ್ತು ಮಾಡಿಕೊಂಡು ಕುಡಿದೆ. ಓಣಿಯಲ್ಲಿ ಅದು, "ಸ್ವಾಮಿ ನಿಂಬಿಹಣ್ಣು ಸ್ವೀಕಾರ ಮಾಡ್ತು" ಎಂದು ಹಬ್ಬಿತು. ಎದುರುಮನೆಯ ಆಟೋ ಕೊಟ್ರಯ್ಯ ತಾನಾಗಿಯೇ ಉಸ್ತುವಾರಿ ವಹಿಸಿಕೊಂಡ. ನಮ್ಮ ಕಡೆ ತಲೆ ಆಡಿಸಿದರೆ ಹೌದೋ ಅಲ್ಲವೋ ಹೆತ್ತ ತಾಯಿಗೂ ತಿಳಿಯುವುದಿಲ್ಲವಲ್ಲ. ಅದಕ್ಕೆ ಕೊಟ್ರಯ್ಯ ರೂಲು ಮಾಡಿದ. "ಮ್ಯಾಲ ಕೆಳಗ ಆಡಿದ್ರ ಹೂಂ. ಅಡ್ಡ ಆಡಿದ್ರ ಉಹೂಂ. ಒಬ್ರಿಗೆ ಒಂದಾ ಪ್ರಶ್ನಿ. ಸ್ವಾಮಿ ಕಣ್ಣು ಬಿಡೋ ಮುಂಚೆ ಎಲ್ಲಾರೂ ಇಳಿದು ಹೋಗ್ಬೇಕು." ಎರಡು ದಿನ ಎರ್ರಮ್ಮಕ್ಕನ ಮಾಳಿಗೆಯ ಮೇಲೆ ಸದ್ದಿಲ್ಲದೆ ದರ್ಬಾರು ನಡೆಯಿತು. ನಾನು ಹಿಮದ ಕಾಡಿನಲ್ಲಿದ್ದೆ.

ಗುರುವಾರ ಜನ ಹೆಚ್ಚಾಗಿ ನನ್ನ ಮಾಳಿಗೆಗೇ ಬಂದರು. ಹಾಡು ಮುಗಿದು ಕಣ್ಣು ಬಿಟ್ಟರೆ ಎದುರಿಗೆ ಹನ್ನೊಂದು ಜನ ಕಾಲು ಮಡಚಿ ಕೂತಿದ್ದಾರೆ. ನಾನು ಸತ್ತಿದ್ದೇನೆ, ಇವರು ಮೂರನೇ ದಿನಕ್ಕೆ ಬಂದಿದ್ದಾರೆ ಅಂತಲೇ ತಿಳಿದೆ.

"ಯಾರೂ ಅಲುಗಾಡಬ್ಯಾಡ್ರಿ," ಎಂದ ಕೊಟ್ರಯ್ಯ. "ಸ್ವಾಮಿ ಇನ್ನಾ ಇಳಿದಿಲ್ಲ. ಕಣ್ಣಷ್ಟ ಬಿಟ್ಟಾನ."

"ಏನ್... ಏನ್ರಿ ಇದೆಲ್ಲ?" ಎಂದೆ.

"ನೋಡ್ರಿ, ದನಿ ಹೆಂಗ ನಡುಗ್ತೈತಿ! ಇಳಿಯೋ ಹೊತ್ನ್ಯಾಗ ಹಿಂಗಾ."

ಒಬ್ಬೊಬ್ಬರಾಗಿ ಕೃತಜ್ಞತೆ ಹೇಳಿದರು, ನನಗೆ ಒಂದೊಂದೇ ತಿಳಿಯಿತು. ಮಲ್ಲೇಶ್ ತನ್ನ ಖಾನಾವಳಿಯ ಹೆಸರು ಬದಲಿಸಲೇ ಎಂದು ಕೇಳಿ, ಹೂಂ ಅನ್ನಿಸಿಕೊಂಡು, ಬೋರ್ಡು ಇಳಿಸಿಬಿಟ್ಟಿದ್ದ. ಹೊಸ ಹೆಸರು ಏನೆಂದು ಕೇಳುವುದು ಮರೆತಿದ್ದ. ಹಿಂದಿನ ಓಣಿಯ ದುರ್ಗಾ, ಗಂಡನ ಜೊತೆ ಮಾತು ಬಿಡಲೇ ಎಂದು ಕೇಳಿ ಮಂಗಳವಾರದಿಂದ ಬಿಟ್ಟಿದ್ದಳು. ಗಂಡ ಯಲ್ಲೇಶ್ ಪಕ್ಕದಲ್ಲೇ ಕೂತಿದ್ದ. ಎಲ್ಲರಿಗಿಂತ ಹೆಚ್ಚು ಭಕ್ತಿಯಿಂದ ಕೈಮುಗಿದವನು ಅವನೇ.

ಕೊನೆಗೆ ತೋಟಪ್ಪಣ್ಣ ಎದ್ದು ಬಂದು ನನ್ನ ಕಾಲು ಹಿಡಿದರು. ನನಗಿಂತ ಹದಿನೆಂಟು ವರ್ಷ ದೊಡ್ಡವರು. ಕಂಪ್ಲಿಯ ರೈಸ್ ಮಿಲ್ಲಿನಲ್ಲಿ ನಲವತ್ತು ವರ್ಷ ಫಿಟ್ಟರ್ ಆಗಿದ್ದವರು. ನಮ್ಮ ಕಾವ್ಯಾ ಹುಟ್ಟುವಾಗ ಮಿಲ್ಲಿನ ಜೀಪು ತಂದು ಆಸ್ಪತ್ರೆ ಮುಟ್ಟಿಸಿದವರು.

"ಶಂಭು... ಅಲ್ಲ, ತಂದಿ! ನಿನ್ನಿ ಕೇಳಿದ್ನಲ್ಲ, ಆಪರೇಷನ್ ಕ್ಯಾನ್ಸಲ್ ಮಾಡ್ಲೇನು ಅಂತ. ಎಂಥಾ ಹೂಂ ಅಂದಿ! ನಲವತ್ತ್ ಸಲ ಅಂದಿ! ಎರ್ರಿ ಎಣಿಸ್ಯಾಳ. ಡಾಕ್ಟರಿಗೆ ಬ್ಯಾಡಂತ ಹೇಳಿಬಿಟ್ಟೆ."

ಅವರ ಎದೆಯಲ್ಲಿ ಮೂರು ಬ್ಲಾಕು. ಹುಬ್ಬಳ್ಳಿಯ ಆಸ್ಪತ್ರೆಗೆ ಫೈಲು ಹಿಡಿದು ಜೊತೆಗೆ ಹೋದವನು ನಾನೇ. "ಈಗ ಮಾಡಿಸಿದರೆ ಆರಾಮ. ಇನ್ನೂ ತಡ ಮಾಡಿದರೆ ನಾನು ಏನೂ ಹೇಳೋಕಾಗಲ್ಲ" ಎಂದು ಡಾಕ್ಟರು ನನ್ನ ಮುಖ ನೋಡಿಯೇ ಹೇಳಿದ್ದರು. ಮುಂದಿನ ಬುಧವಾರ ತಾರೀಖು ಕೊಟ್ಟಿದ್ದರು.

ಕೆಳಗೆ ಓಡಿ, ಹೆಂಡತಿಯನ್ನು ಅಡುಗೆಮನೆಯಲ್ಲಿ ಹಿಡಿದೆ. "ರೇಣುಕಾ, ಒಂದ್ ಮಾತು. ನಾ ಮ್ಯಾಲ ಕೇಳೋದು..."

"ನಂಗೊತ್ತಿತ್ರಿ," ಎಂದಳು. ಕಣ್ಣಲ್ಲಿ ನೀರು. "ವಚನ ಕೇಳೋರಿಗೆ ಒಂದಿನ ಹಿಂಗ ಆಗ್ತೈತಂತ. ಕಂಪ್ಲಿಯಿಂದ ನಮ್ಮಣ್ಣ ಫೋನ್ ಮಾಡಿದ್ದ. ಇಪ್ಪತ್ತೆರಡು ವರ್ಷ ಆತು ಮದುವ್ಯಾಗಿ, ಒಂದ್ ಸಲ ನಿನ್ ಗಂಡ ಹೆಂಗದಾನ ಅಂತ ಕೇಳಿದ್ದಿಲ್ಲ. ಇವತ್ತು, 'ಭಾವನೋರು ಹೆಂಗದಾರ' ಅಂದ. ಭಾವನೋರು!"

ಇವಳಿಗೆ ಹೇಗೆ ಹೇಳಲಿ, ಸೈತಾನನನ್ನು ಕರೆಯುವ ಹಾಡಿಗೆ ವಿಭೂತಿ ಹಚ್ಚಿಕೊಂಡು ಕೂತಿದ್ದೆನೆಂದು?

ಕೆಲಸಕ್ಕೆ ಹೋದರೆ ಅಲ್ಲಿ ಇನ್ನೊಂದು. ಸೂಪರ್‌ವೈಸರ್ ವಿರೂಪಾಕ್ಷಪ್ಪ ಹತ್ತೊಂಬತ್ತು ವರ್ಷದಿಂದ "ಲೇ ಶಂಭ್ಯಾ" ಎಂದೇ ಕರೆದವರು. ಅವತ್ತು ತಮ್ಮ ಕುರ್ಚಿಯನ್ನೇ ಒರೆಸಿ ತಂದರು. "ಕುಂದ್ರಿ ಶಂಭುಲಿಂಗಪ್ಪನೋರ. ಲಾರಿ ನಿಲ್ಲಲಿ, ಎಲ್ಲಿಗೆ ಹೋಗ್ತೈತಿ ಅದು? ನಂದೊಂದು ಟ್ರಾನ್ಸ್‌ಫರ್ ವಿಷಯ ಇತ್ತು..."

ನಾನು ತಲೆಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡೆ. ಮೇಲೆ ಕೆಳಗೆ ಆಡಕೂಡದು, ಅಕ್ಕಪಕ್ಕ ಆಡಕೂಡದು. ಅವರು ಒಂದು ನಿಮಿಷ ಗಂಭೀರವಾಗಿ ನೋಡಿ, "ತಿಳೀತ್ರಿ. ಸದ್ಯಕ್ಕ ಬ್ಯಾಡ ಅಂತೀರಿ" ಎಂದು ಕೈಮುಗಿದು ಹೋದರು. ಹೊರಗೆ ಹದಿನಾಲ್ಕು ಲಾರಿ ಸಾಲಾಗಿ ನಿಂತು ಹಾರ್ನು ಹೊಡೆಯುತ್ತಿದ್ದವು. ನಾನು ಅರ್ಧ ತಾಸಿಗೊಮ್ಮೆ ಮನೆಗೆ ಫೋನು: "ತೋಟಪ್ಪಣ್ಣ ಕೆಮ್ಮಿದ್ರೇನು? ಕುಂತಾರೇನು, ಮಲಗ್ಯಾರೇನು? ಮಲಗಿದ್ರ ಹೊಟ್ಟಿ ಮ್ಯಾಲ ಕೆಳಗ ಆಡ್ತೈತೇನು ನೋಡಿ ಬಾ."

ಶುಕ್ರವಾರ ಬೆಳಿಗ್ಗೆ ಮಗಳು ಕಾವ್ಯಾಳ ಮುಂದೆ ತಪ್ಪೊಪ್ಪಿಕೊಂಡೆ. ಎರಡನೇ ಪಿಯುಸಿ ಓದುತ್ತಾಳೆ. ಮನೆಯಲ್ಲಿ ನನಗೆ ಕಡಿಮೆ ಹೆದರಿಕೆ ಇರುವುದು ಅವಳದೇ. ಹಲ್ಲುಜ್ಜುತ್ತಿದ್ದವಳು ಇಯರ್‌ಫೋನು ಕಿವಿಗಿಟ್ಟುಕೊಂಡಳು. ಬ್ರಷ್ಷು ಬಾಯಲ್ಲೇ ನಿಂತಿತು.

"ಅಪ್ಪಾ, ಇದು ಬ್ಲ್ಯಾಕ್ ಮೆಟಲ್!" ಮೊಬೈಲಿನಲ್ಲಿ ಏನೋ ಹುಡುಕಿದಳು. "ಮೂರನೇದ್ರ ಅರ್ಥ ಸಿಕ್ತು ನೋಡು. ಒಲಿ ಆರಿಸ್ರಿ, ಹೊಸ್ತಿಲಕ್ಕ ಬಂದು ನಿಂತೈತಿ, ಬಾಗಿಲಾ ತೆಗೀರಿ, ಒಳಗ ಕರೀರಿ ಅಂತೈತಿ."

"ಒಳಗ ಯ... ಯಾರನ್ನವಾ?"

"ಸಾವನ್ನಪ್ಪಾ."

ನಾನು ಬಚ್ಚಲಕಟ್ಟೆಯ ಮೇಲೆ ಕೂತುಬಿಟ್ಟೆ. ಒಂದು ಕಡೆ ತೋಟಪ್ಪಣ್ಣನ ಎದೆ, ಇನ್ನೊಂದು ಕಡೆ ವೀರಭದ್ರಸ್ವಾಮಿಯ ಸಿಟ್ಟು. ಆ ಸ್ವಾಮಿ ಒಮ್ಮೆ ಕತ್ತಿ ಎತ್ತಿದರೆ ವಿಚಾರಣೆ ಗಿಚಾರಣೆ ಇಟ್ಟುಕೊಂಡವನಲ್ಲ.

"ಅಳಬ್ಯಾಡ," ಎಂದಳು ಕಾವ್ಯಾ. "ಐದನೇದು ಹಾಕು. ಅದಕ್ಕ ತಲಿ ಅಡ್ಡ ಆಡ್ತೈತಲ್ಲ? ತೋಟಪ್ಪ ದೊಡ್ಡಪ್ಪಗ ಇನ್ನೊಂದ್ ಸಲ ಕೇಳಾಕ ಹೇಳ್ತೀನಿ. ಕ್ಯಾನ್ಸಲ್ ಮಾಡ್ಲೇನು ಅಂತಾರ, ನೀ ಉಹೂಂ ಅಂತಿ. ಮುಗೀತು."

ಎಷ್ಟು ಸರಳ! ನನ್ನ ಮಗಳು ವಿಜ್ಞಾನ ಓದುತ್ತಿರುವುದು ಸಾರ್ಥಕವೆನಿಸಿತು. ಇಪ್ಪತ್ತು ಜನರ ಮುಂದೆ ಕೂತು ಐದನೇ ಹಾಡು ಹಾಕಿದೆ. ತೋಟಪ್ಪಣ್ಣ ಬಾಯಿ ತೆರೆದಾಗ ಕಾವ್ಯಾ ನನ್ನ ಕಾಲ್ಬೆರಳು ತುಳಿಯಬೇಕೆಂದು ಮಾತಾಗಿತ್ತು. ತುಳಿದಳು. ಸಂಶಯಕ್ಕೆ ಎಡೆಯೇ ಇರದಂತೆ ಅಡ್ಡಡ್ಡ ತಲೆ ಆಡಿಸಿದೆ. ಎಡಗಿವಿ ಎಡಭುಜಕ್ಕೆ, ಬಲಗಿವಿ ಬಲಭುಜಕ್ಕೆ ತಾಗುವಂತೆ ಆಡಿಸಿದೆ. ವೀರಭದ್ರನೇ ಬಂದಿದ್ದರೂ ಇಷ್ಟು ಖಚಿತವಾಗಿ ಬೇಡ ಅನ್ನುತ್ತಿರಲಿಲ್ಲ.

ಕಣ್ಣು ಬಿಟ್ಟೆ. ಕೊಟ್ರಯ್ಯ ಎಲ್ಲರಿಗೂ ಸಕ್ಕರೆ ಹಂಚುತ್ತಿದ್ದ. ಎರ್ರಮ್ಮಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಕಾವ್ಯಾ ಹಣೆಗೆ ಕೈ ಹಚ್ಚಿ ನಿಂತಿದ್ದಳು.

"ಅಪ್ಪಾ," ಎಂದು ಕಿವಿಯಲ್ಲಿ ಉಸುರಿದಳು, "ದೊಡ್ಡಪ್ಪ ಪ್ರಶ್ನಿ ತಿರುವಿ ಕೇಳಿದ್ರು. 'ಆಪರೇಷನ್ ಮಾಡಿಸ್ಲೇನು' ಅಂದ್ರು."

ಹೀಗೆ ದೇವರು ಎರಡು ದಿನ, ಎರಡು ಬಗೆಯಲ್ಲಿ, ಒಂದೇ ಅಪ್ಪಣೆ ಕೊಟ್ಟಂತಾಯಿತು. ಇನ್ನು ಅದನ್ನು ಮೀರುವವರು ಯಾರು? ಅವತ್ತು ಸಂಜೆ ವೇಬ್ರಿಡ್ಜಿನಿಂದ ತೋಟಪ್ಪಣ್ಣನ ಮನೆಗೇ ಫೋನು ಮಾಡಿದಾಗ ಎರ್ರಮ್ಮಕ್ಕನೇ ಎತ್ತಿದರು. "ಮೆಟ್ಟಲಾ ಹತ್ತೋವಾಗ ಎದಿ ಹಿಡ್ಕೊಂಡು ಕುಂತ್ರಪ್ಪ. ಮುಖದ ತುಂಬ ಬೆವರು. ಆದ್ರ ನಂಗೇನ್ ಅಂಜಿಕಿ ಇಲ್ಲ. ನೀ ಅದೀಯಲ್ಲ."

ನಾನು ಅದೀನಿ! ಆ ಮಾತು ಕೇಳಿ ಒಂದು ಲಾರಿಯ ಚೀಟಿಯನ್ನು ಇನ್ನೊಂದಕ್ಕೆ ಕೊಟ್ಟುಬಿಟ್ಟೆ. ನಾಳೆ ಏನಾದರೂ ಆದರೆ ಈಕೆ ನನ್ನನ್ನು ಬೈಯುವುದೂ ಇಲ್ಲ. ಕೈಮುಗಿದು, ಸ್ವಾಮಿಯ ಇಚ್ಛೆ ಅನ್ನುತ್ತಾರೆ. ಅದಕ್ಕಿಂತ ಹೆದರಿಕೆಯ ಮಾತು ನನ್ನ ಐದೂ ಹಾಡುಗಳಲ್ಲಿ ಇರಲಾರದು.

ಶನಿವಾರ ಬೆಳಿಗ್ಗೆ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಪ್ಲಿಯಿಂದ ಟೆಂಪೋದಲ್ಲಿ ರೇಣುಕಾಳ ಅಣ್ಣ ಪಾಲಪ್ಪ ಹದಿನೈದು ಜನರೊಂದಿಗೆ ಬಂದಿದ್ದ. ಮಾಳಿಗೆಯ ಮೇಲೆ ತೆಂಗಿನಕಾಯಿಗಳು ಗುಡ್ಡೆಯಾಗಿ ಬಿದ್ದಿದ್ದವು. ಎಲ್ಲರ ಮುಂದೆ, ತೋಟಪ್ಪಣ್ಣ ಕೂತಿದ್ದರು. ಎರಡು ಮೆಟ್ಟಿಲಿಗೊಮ್ಮೆ ನಿಂತು ಹತ್ತಿ ಬಂದವರು, ಇನ್ನೂ ಏದುಸಿರು ಬಿಡುತ್ತಿದ್ದರು.

ಕಾವ್ಯಾ ತನ್ನ ಬ್ಲೂಟೂತ್ ಸ್ಪೀಕರು ತಂದು ನನ್ನ ಪಕ್ಕಕ್ಕಿಟ್ಟಳು. ನಾನು ನಿಂತೆ.

"ಎಲ್ಲಾರೂ ಕೇಳ್ರಿ. ನನ್ ಮೈಮ್ಯಾಲ ಸ್ವಾಮಿ ಬಂದಿಲ್ಲ. ಯಾವತ್ತೂ ಬಂದಿದ್ದಿಲ್ಲ. ನನ್ ಕಿವ್ಯಾಗ ವಚನಾನೂ ಇದ್ದಿಲ್ಲ. ಇದಿತ್ತು."

ಮೂರನೇ ಹಾಡು ಒತ್ತಿದೆ.

ಟ್ಯಾಂಕಿನ ಮೇಲಿದ್ದ ಪಾರಿವಾಳಗಳು ಒಟ್ಟಿಗೆ ಎದ್ದವು. ನಾನು ಇಷ್ಟು ವರ್ಷ ಹೆದರಿದ್ದ ಆ ಕಂದು ನಾಯಿ ಊಳಿಡುತ್ತ ಕೊಟ್ರಯ್ಯನ ಆಟೋದ ಅಡಿಗೆ ತೂರಿತು. ಕೊಟ್ರಯ್ಯ ಸ್ವತಃ ನಾಲ್ಕು ಮೆಟ್ಟಿಲು ಒಟ್ಟಿಗೆ ಹಾರಿದ. ಒಂದು ಚಪ್ಪಲಿ ಮೇಲೇ ಉಳಿಯಿತು. "ಸೈತಾನ್ ಹಾಡ್ರೋ! ನಾ ಮೊದ್ಲಾ ಹೇಳಿದ್ದಿಲ್ಲೇನು!" ಎಂಬ ಅವನ ದನಿ ಕೆಳಗಿನಿಂದ ಬಂತು. "ನನ್ ಬೋರ್ಡು!" ಎಂದು ಮಲ್ಲೇಶ್ ಎದೆ ಬಡಿದುಕೊಂಡ. ದುರ್ಗಾ ಐದು ದಿನದಲ್ಲಿ ಮೊದಲ ಸಲ ಗಂಡನ ಕಡೆ ತಿರುಗಿ, "ಏಳ್ರಿ ಮ್ಯಾಲೆ, ಮನಿಗೆ ನಡೀರಿ, ನಿಮ್ ಜೊತಿ ಮಾತಾಡೋದು ಭಾಳ ಐತಿ" ಎಂದಳು. ಯಲ್ಲೇಶನ ಮುಖದ ಕಳೆ ಹೋಯಿತು. ಓಡುವವರು ಬರಿಗೈಯಲ್ಲಿ ಓಡಲಿಲ್ಲ. ತಮ್ಮ ತಮ್ಮ ತೆಂಗಿನಕಾಯಿ ಹುಡುಕತೊಡಗಿದರು. "ನಂದು ಜುಟ್ಟು ಉದ್ದಾದ್ದು", "ಲೇ ಬಿಡು, ಅದು ನಂದು", "ಅಲುಗಾಡಿಸಿ ನೋಡು, ನೀರ್ ಕಮ್ಮಿ ಇದ್ರ ನಿಂದು" ಎಂದು ಸಾವಿನ ಹಾಡಿಗೆ ಸರಿಸಮವಾಗಿ ಜಗಳ ನಡೆಯಿತು. ಪಾಲಪ್ಪ ತಂಗಿಯ ಕಡೆ ಒಮ್ಮೆ ನೋಡಿ, ಚಹಾ ಕೂಡ ಕುಡಿಯದೆ ಟೆಂಪೋ ಹತ್ತಿದ.

ರೇಣುಕಾ ಏನೂ ಅನ್ನಲಿಲ್ಲ. ಸುಮ್ಮನೆ ಕೆಳಗಿಳಿದು ಹೋದಳು. ಅದರ ಹೆದರಿಕೆಯನ್ನು ಆಮೇಲಿನ ಹೊತ್ತಿಗೆಂದು ಎತ್ತಿಟ್ಟೆ.

ಮಾಳಿಗೆಯ ಮೇಲೆ ಉಳಿದವರು ಮೂರೇ ಜನ. ನಾನು, ಕಾವ್ಯಾ, ಮತ್ತು ಓಡಲಾರದ ತೋಟಪ್ಪಣ್ಣ. ಹಾಡು ಇನ್ನೂ ನಡೆದಿತ್ತು. ಅವರು ನಿಧಾನವಾಗಿ ಜರುಗುತ್ತ ಬಂದು ನನ್ನ ಪಕ್ಕ ಟ್ಯಾಂಕಿಗೆ ಒರಗಿದರು.

"ನಂಗೊತ್ತಿತ್ತು," ಎಂದರು.

"ಏನ್ರಿ?"

"ನಲವತ್ತು ವರ್ಷ ಮಿಲ್ಲಿನಾಗಿದ್ದೆ. ಯಾವ ಚಕ್ರ ಯಾವ ಬೆಲ್ಟಿಗೆ ತಿರುಗ್ತೈತಿ ಅಂತ ನೋಡಿದ ಕೂಡ್ಲೆ ಗೊತ್ತಾಗ್ತೈತಿ ನಂಗ. ನಾ ಇನ್ನಾ ಬಾಯಿ ಬಿಟ್ಟಿದ್ದಿಲ್ಲ, ನಿನ್ ತಲಿ ಆಗಲೇ ಹೂಂ ಅಂತಿತ್ತು. ನಿನ್ ಬೆರಳು ತೊಡಿ ಮ್ಯಾಲ ಅದಾ ತಾಳಕ್ಕ ಕುಟ್ತಿತ್ತು. ದೇವ್ರು ಪ್ರಶ್ನಿ ಕೇಳಿಸ್ಕೊಂಡ ಮ್ಯಾಲ ಹೇಳ್ಬೇಕಲ್ಲ?"

"ಮತ್ತ ನಿನ್ನಿ ಯಾಕ ತಿರುವಿ ಕೇಳಿದ್ರಿ?"

"ನಿನ್ನಿ ಅಡ್ಡ ಆಡಿಸ್ತಿದ್ದೆಲ್ಲಪ್ಪ! ಕ್ಯಾನ್ಸಲ್ ಮಾಡ್ಲೇನು ಅಂದಿದ್ರ ಸಿಕ್ಕಿಬೀಳ್ತಿದ್ದೆ." ಅವರು ನಗಲಿಲ್ಲ. ಅಂಗೈ ಎದೆಯ ಮೇಲಿತ್ತು. "ಅಂಜಿಕಿ ಆಗ್ತೈತೋ ಶಂಭು. ಎದಿ ಸೀಳಿ ತೆಗೀತಾರಂತ. ಎರ್ರಿ ಮುಂದ ಹೆಂಗ ಹೇಳ್ಲಿ? ಆಕಿ ನನ್ನ ಧೈರ್ಯದ ಮ್ಯಾಲ ಇಷ್ಟು ವರ್ಷ ಬದುಕ್ಯಾಳ. ದೇವ್ರಾ ಬ್ಯಾಡಂದ ಅಂದ್ರ ಯಾರೂ ತಿರುಗಿ ಮಾತಾಡಲ್ಲ, ಅಲ್ಲ?"

"ಡಾಕ್ಟರಿಗೆ ಹೇಳಿಬಿಟ್ರೆಲ್ರಿ, ಈಗ ಏನ್ ಮಾಡೋದು?"

"ಎಲ್ಲಿ ಹೇಳೀನಿ? ಫೋನ್ ಹಚ್ಚಾಕೂ ಅಂಜಿಕಿ. ಒತ್ತೋದು, ಕಟ್ ಮಾಡೋದು. ಒತ್ತೋದು, ಕಟ್ ಮಾಡೋದು."

ನನಗೆ ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಜಾತಿಯವರೊಬ್ಬರು ಸಿಕ್ಕಂತಾಯಿತು.

ಅವರು ಸ್ಪೀಕರಿನ ಕಡೆ ಗದ್ದ ತೋರಿಸಿದರು. "ಇಂವ ಯಾರಲೇ? ಯಾಕ ಹಿಂಗ ಒದರ್ತಾನ?"

"ಅಂಜಿಕ್ಯಾಗ ಒದರ್ತಾನ್ರಿ."

"ಒದರಿದ್ರ ಅಂಜಿಕಿ ಹೋಗ್ತೈತೇನು?"

"ಹೋಗಲ್ರಿ. ಆದ್ರ ನಾವೊಬ್ರಾ ಅಲ್ಲ ಅನ್ನಿಸ್ತೈತಿ."

ಸ್ವಲ್ಪ ಹೊತ್ತು ಕೇಳಿದರು. "ದನಿ ಏರ್ಸವಾ ಕಾವ್ಯಾ," ಎಂದರು. ಬಾಯಿ ತೆರೆದರು. ಮೊದಲು ಕೆಮ್ಮಿನಂಥದ್ದೊಂದು ಬಂತು. ಆಮೇಲೆ ಬಾಗಿಲು ಕಿರುಗುಟ್ಟಿದಂತೆ. ಆಮೇಲೆ, ನಲವತ್ತು ವರ್ಷ ಮಿಲ್ಲಿನ ಸದ್ದಿನಲ್ಲಿ ನುಂಗಿಕೊಂಡಿದ್ದೆಲ್ಲ ಒಟ್ಟಿಗೆ ಬಂತು. ನಾನೂ ಬಾಯಿಬಿಟ್ಟೆ. ನನ್ನದು ಅವರಷ್ಟು ಚೆನ್ನಾಗಿರಲಿಲ್ಲ. "ಮೆಲ್ಲಕ ದೊಡ್ಡಪ್ಪ, ಎದಿ, ಎದಿ!" ಎಂದು ಕಾವ್ಯಾ ಕೂಗಿದಳು. ಕೆಳಗೆ ಯಾರ ಕೈಯಿಂದಲೋ ಕೊನೆಯ ತೆಂಗಿನಕಾಯಿ ಬಿದ್ದು ಒಡೆಯಿತು. ಅದನ್ನು ವೀರಭದ್ರಸ್ವಾಮಿಗೆ ನನ್ನ ತಪ್ಪುಕಾಣಿಕೆಯೆಂದು ಮನಸ್ಸಿನಲ್ಲೇ ಒಪ್ಪಿಸಿಬಿಟ್ಟೆ.

ಬುಧವಾರ ಹುಬ್ಬಳ್ಳಿ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಗಾಲಿಮಂಚದ ಮೇಲೆ ತೋಟಪ್ಪಣ್ಣ ಹಸಿರು ಬಟ್ಟೆ ಹೊದ್ದು ಮಲಗಿದ್ದರು. ಒಳಗೆ ಹೋಗುವ ತನಕ ಮೂರನೇ ಹಾಡು ಬೇಕೆಂದು ಹಟ ಹಿಡಿದಿದ್ದರು. ಇಯರ್‌ಫೋನು ಅವರ ಕಿವಿಯಲ್ಲಿ, ಮೊಬೈಲು ನನ್ನ ಕೈಯಲ್ಲಿ. ಕಣ್ಣು ಮುಚ್ಚಿತ್ತು, ತಲೆ ದಿಂಬಿನ ಮೇಲೆ ಸಣ್ಣಗೆ ಮೇಲೆ ಕೆಳಗೆ. ಎರ್ರಮ್ಮಕ್ಕ ಗೋಡೆಗೆ ಒರಗಿ ಅದನ್ನೇ ನೋಡುತ್ತಿದ್ದರು. ನರ್ಸಮ್ಮ ಬರುವುದು ತಡವಾಯಿತು. ಮೂರನೆಯದು ಮುಗಿಯಿತು. ನಾಲ್ಕನೆಯದೂ ಮುಗಿಯಿತು. ನಾನು ಹೆದರಿಕೆಯಲ್ಲಿ ಬಾಗಿಲ ಮೇಲಿನ ಕೆಂಪು ದೀಪವನ್ನೇ ನೋಡುತ್ತ ನಿಂತುಬಿಟ್ಟಿದ್ದೆ.

"ಅಜ್ಜಾರ, ತೋಟಪ್ಪ ಅನ್ನೋರು ನೀವಾ ಅಲ್ರಿ?" ನರ್ಸಮ್ಮ ಫೈಲು ತೆರೆದರು. "ಆಪರೇಷನ್‌ಗೆ ಒಪ್ಪಿಗಿ ಐತಲ್ರಿ ನಿಮ್ದು?"

ತೋಟಪ್ಪಣ್ಣನ ತಲೆ ನಿಧಾನವಾಗಿ ಎಡಕ್ಕೆ ತೂಗಿತು. ಬಲಕ್ಕೆ ತೂಗಿತು.

"ಅಯ್ಯ, ಬ್ಯಾಡ ಅಂತಾರಲ್ರಿ?"

ಐದನೆಯದು! ಮೊಬೈಲು ಕೈಯಿಂದ ಜಾರಿತು, ಹೊಟ್ಟೆಗೆ ಒತ್ತಿ ಹಿಡಿದೆ, ಹೆಬ್ಬೆರಳಿನಿಂದ ಮೂರನೆಯದನ್ನು ಒತ್ತಿದೆ. ತಲೆ ನಿಂತಿತು. ಒಂದು ಕ್ಷಣ ಮೇಲೂ ಇಲ್ಲ, ಕೆಳಗೂ ಇಲ್ಲ. ಆಮೇಲೆ ಮೇಲೆ, ಕೆಳಗೆ, ಮೇಲೆ, ಕೆಳಗೆ.

ನರ್ಸಮ್ಮನಿಗೆ ನಂಬಿಕೆ ಬರಲಿಲ್ಲ. ಇಯರ್‌ಫೋನು ಕಿತ್ತರು. "ಅಜ್ಜಾರ, ಬಾಯ್ಲೆ ಹೇಳ್ರಿ."

ತೋಟಪ್ಪಣ್ಣ ಕಣ್ಣು ತೆರೆದರು. ನನ್ನನ್ನು ನೋಡಿದರು, ಎರ್ರಮ್ಮಕ್ಕನನ್ನು ನೋಡಿದರು. ಹೆಂಡತಿಯ ಮುಂದೆ ಇಷ್ಟು ವರ್ಷ ಹೇಳದ ಮಾತು ಹೇಳಿದರು. "ಭಾಳ ಅಂಜಿಕಿ ಆಗೈತವಾ. ಆದ್ರೂ ನಡೀರಿ."

ಬಾಗಿಲು ಮುಚ್ಚಿಕೊಂಡಿತು. ಎರ್ರಮ್ಮಕ್ಕ ಸೆರಗು ಹಿಡಿದು, ಆ ಬಾಗಿಲಿಗೆ ಕೈಮುಗಿದರು.

"ಅಪ್ಪಣಿ ಆತು," ಎಂದರು.

ಈಗ ಎರಡು ತಿಂಗಳಾಯಿತು. ತೋಟಪ್ಪಣ್ಣ ಆರಾಮಾಗಿದ್ದಾರೆ, ಇಯರ್‌ಫೋನು ಮಾತ್ರ ವಾಪಸು ಕೊಟ್ಟಿಲ್ಲ. ರೇಣುಕಾ ನಾಲ್ಕು ದಿನ ಸುಮ್ಮನಿದ್ದು, ಐದನೇ ದಿನ ಮೊಬೈಲು ಕಿತ್ತುಕೊಂಡು ಮೂರನೇ ಹಾಡನ್ನು ಪೂರ್ತಿ ಕೇಳಿದಳು. "ಇದಕ್ಯಾಕ ಎಲ್ಲಾರೂ ಓಡಿದ್ರು? ನಮ್ಮಣ್ಣ ಸಿಟ್ಟು ಬಂದ್ರ ಹಿಂಗಾ ಅಲ್ಲೇನು ಒದರೋದು" ಎಂದು ಒಲೆಯ ಕಡೆ ತಿರುಗಿದಳು. ಮರುದಿನದಿಂದ ನನ್ನನ್ನು ಹಾಲಿಗೆ ಕಳಿಸುತ್ತಿದ್ದಾಳೆ.

ಇವತ್ತು ಬೆಳಿಗ್ಗೆ ಹಾಲು ತರುವಾಗ ಪಕ್ಕದ ಮಾಳಿಗೆಯನ್ನು ನೋಡಿದೆ. ತೋಟಪ್ಪಣ್ಣ ಕಣ್ಣು ಮುಚ್ಚಿ ಕೂತಿದ್ದರು, ತಲೆ ಮೇಲೆ ಕೆಳಗೆ ಆಡುತ್ತಿತ್ತು. ಅವರ ಮನೆಯ ಮೆಟ್ಟಿಲ ಮೇಲೆ ಎರಡು ನಿಂಬೆಹಣ್ಣು. ಪಕ್ಕದಲ್ಲಿ ಕೊಟ್ರಯ್ಯನ ಚಪ್ಪಲಿ ಜೋಡಿ, ಒಂದು ಹಳೆಯದು, ಒಂದು ಹೊಸದು.